ಬಿಟ್ಟಿ ರಾಣಿ ಬೇಡ ಎಂದವರು

ಹೋದ ತಿಂಗಳು ನಮ್ಮ ಪತ್ರಿಕೆಯ ನಿಧನ ವಾರ್ತೆಗಳ ನಡುವೆ ಅವರ ಬಗ್ಗೆ ನಾಲ್ಕು ವಾಕ್ಯ ಬಂತು. ಬರೆದವನು ನಾನೇ. ವಿಮಾ ಕಂಪನಿಯ ನಿವೃತ್ತ ಅಧಿಕಾರಿ. ಕುಲಶೇಖರದ ನಿವಾಸಿ. ಪತ್ನಿಯನ್ನು ಅಗಲಿದ್ದಾರೆ. ಚೆಸ್ ಆಸಕ್ತರಾಗಿದ್ದರು. ನಾಲ್ಕೂ ಸರಿಯಾಗಿತ್ತು. ಆದರೆ ಮರುದಿನ ಅಚ್ಚಿನಲ್ಲಿ ಓದುವಾಗ ಕೊನೆಯ ವಾಕ್ಯ ತೀರಾ ಚಿಕ್ಕದೆನಿಸಿತು. ಅದನ್ನು ಸ್ವಲ್ಪ ದೊಡ್ಡದು ಮಾಡಿ ಬರೆಯಲೇ ಎಂದು ಅವರ ಹೆಂಡತಿಯನ್ನು ಕೇಳಿದೆ. "ಬರೀರಿ. ಹೆಸರು ಬೇಡ. ಇವರಿಗೆ ಹೆಸರು ಪೇಪರಲ್ಲಿ ಬರುವುದು ಆಗ್ತಿರ್ಲಿಲ್ಲ" ಎಂದರು. ಹಾಗಾಗಿ ಇಲ್ಲಿ ಹೆಸರಿಲ್ಲ.

ಮಂಗಳೂರಿನಲ್ಲಿ ಮಕ್ಕಳಿಗೆ ಚೆಸ್ ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಇವರು ಕಲಿಸುತ್ತಿರಲಿಲ್ಲ. ಯಾರಿಗೆ ಯಾವ ಕಂಪ್ಯೂಟರ್ ಚೆಸ್ ಪ್ರೋಗ್ರಾಂ ಸರಿಹೊಂದುತ್ತದೆ ಎಂದು ಹೇಳುತ್ತಿದ್ದರು. ಅಷ್ಟೇ. ಅದಕ್ಕಾಗಿ ಜನ ಅವರ ಮನೆ ಹುಡುಕಿಕೊಂಡು ಬರುತ್ತಿದ್ದರು.

ನಾನೂ ಹಾಗೆಯೇ ಹೋದವನು. ಬೇಸಿಗೆ ರಜೆಯ ಪುರವಣಿಗೆ 'ಮಕ್ಕಳಿಗೆ ಯಾವ ಚೆಸ್ ಪ್ರೋಗ್ರಾಂ' ಎಂಬ ಪುಟ್ಟ ಲೇಖನ ಬೇಕಾಗಿತ್ತು. ಯಾರೋ ಇವರ ಮನೆ ತೋರಿಸಿದರು. ಚರ್ಚಿನ ಹಿಂದಿನ ರಸ್ತೆಯ ಮೂರು ಮಹಡಿಯ ಕಟ್ಟಡ, ನೆಲಮಹಡಿಯ ಫ್ಲ್ಯಾಟ್. ಬಾಗಿಲು ತೆರೆದವರು ಬಿಳಿ ಪಂಚೆ, ಅರ್ಧ ತೋಳಿನ ಬನಿಯನ್ ತೊಟ್ಟ ತೆಳ್ಳಗಿನ ವ್ಯಕ್ತಿ. ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆತನ, ತುಳು ಮನೆಮಾತು. ನಾನು ಘಟ್ಟದ ಮೇಲಿನವನೆಂದು ಮೊದಲ ಮಾತಿಗೇ ಗೊತ್ತಾಗಿ ಕನ್ನಡಕ್ಕೆ ತಿರುಗಿದರು.

"ಮಕ್ಕಳಿಗೆ ಯಾವ ಪ್ರೋಗ್ರಾಂ ಒಳ್ಳೇದು ಸರ್?" ಎಂದೆ.

"ಯಾವ ಮಗುವಿಗೆ?"

"ಸಾಮಾನ್ಯವಾಗಿ."

"ಸಾಮಾನ್ಯ ಮಗು ಅಂತ ಒಂದು ಉಂಟಾ? ಕೂತ್ಕೊಳ್ಳಿ. ಮೊದಲು ಒಂದು ಆಟ ಆಡುವ."

"ಸಂಜೆಯೊಳಗೆ ಬರೆದು ಕೊಡಬೇಕು ಸರ್."

"ಅದು ನಿಮ್ಮ ಕಷ್ಟ" ಎಂದು ಮರದ ಹಲಗೆಯನ್ನು ಮೇಜಿನ ಮೇಲೆ ಬಿಡಿಸಿದರು. ಒಳಗಿನಿಂದ ಅವರ ಹೆಂಡತಿ ಪುನರ್ಪುಳಿ ಶರಬತ್ತು ತಂದಿಟ್ಟು, "ಸಿಕ್ಕಿಬಿದ್ರಿ ಮಾರಾಯ್ರೆ ನೀವು" ಎಂದು ನಕ್ಕು ಒಳಗೆ ಹೋದರು.

ಶರಬತ್ತು ಮುಗಿಯುವ ಮುಂಚೆಯೇ ನಾನು ಸೋತಿದ್ದೆ. ಗೆದ್ದವರು ಕಾಯಿಗಳನ್ನು ಬಾಚಿ ಡಬ್ಬಿಗೆ ಹಾಕುವುದನ್ನು ನೋಡಿದ್ದೇನೆ. ಇವರು ಹಾಗೆ ಮಾಡಲಿಲ್ಲ. ಎರಡೂ ಅಂಗೈಗಳನ್ನು ಹಲಗೆಯ ಪಕ್ಕ ಊರಿ, ನನ್ನ ಮುಖ ನೋಡಿ ಕೇಳಿದರು:

"ಎಲ್ಲಿ ಸೋತದ್ದು ಅಂತ ಗೊತ್ತುಂಟಾ?"

"ರಾಣಿ ಹೋಯ್ತಲ್ಲ ಸರ್, ಅಲ್ಲಿ."

"ಅಲ್ಲಿ ನಿಮಗೆ ಗೊತ್ತಾದದ್ದು. ಸೋತದ್ದು ಅದಕ್ಕಿಂತ ಮೊದಲೇ."

ನನಗೆ ತೋರಿಸಲಾಗಲಿಲ್ಲ. ಅವರೂ ತೋರಿಸಲಿಲ್ಲ. ಮುಂದಿನ ವಾರ ಬನ್ನಿ ಎಂದರು. ಲೇಖನವಿಲ್ಲದೆ ಕಚೇರಿಗೆ ಮರಳಿದವನಿಗೆ ನಮ್ಮ ಸುದ್ದಿ ಸಂಪಾದಕರು, "ಒಂದು ಪ್ರಶ್ನೆ ಕೇಳಲು ಕಳಿಸಿದರೆ ಸೋತು ಬಂದೆಯಲ್ಲಯ್ಯ" ಎಂದರು. ಆ ಜಾಗಕ್ಕೆ ಮಾವಿನಕಾಯಿ ಉಪ್ಪಿನಕಾಯಿಯ ಲೇಖನ ಹಾಕಿದರು.

ಮುಂದಿನ ವಾರ ಹೋದೆ, ಮತ್ತೆ ಸೋತೆ. ಅದರ ಮುಂದಿನ ವಾರವೂ ಸೋತೆ. ಆದರೆ ಆ ಸಲ ಅಂಗೈಗಳು ಹಲಗೆಯ ಪಕ್ಕ ಬಂದಾಗ, "ಈ ಕಾಲಾಳನ್ನು ಮುಂದೆ ನಡೆಸಿದೆನಲ್ಲ, ಅಲ್ಲಿ" ಎಂದು ಬೆರಳಿಟ್ಟೆ. ಅವರ ಹುಬ್ಬು ಮೇಲೇರಿತು. "ಈಗ ಹೇಳ್ತೇನೆ, ಬರ್ಕೊಳ್ಳಿ. ಸೋತ ಜಾಗ ನಮಗೆ ಕಾಣುವಷ್ಟು ಗಟ್ಟಿ ಇರ್ಬೇಕು ಎದುರಾಳಿ. ಅದಕ್ಕಿಂತ ಗಟ್ಟಿಯಾದ್ರೆ ನಮಗೆ ಕಾಣುವುದಿಲ್ಲ. ಅದಕ್ಕಿಂತ ಮೆತ್ತಗಾದ್ರೆ ನಾವು ನೋಡುವುದಿಲ್ಲ."

ನನಗೆ ಅವರು ಹೇಳಿದ್ದು ಗಡಿಯಾರವಿಲ್ಲದ ಒಂದು ಸರಳ ಪ್ರೋಗ್ರಾಂ. "ನೀವು ಪೇಪರಿನವರು. ನಿಮಗೆ ಗಡಿಯಾರದ ಕಾಯಿಲೆ ಉಂಟು. ಮದ್ದು ಕೊಡುವುದು ಬಿಟ್ಟು ಮತ್ತೂ ಕಾಯಿಲೆ ಕೊಡ್ಲಿಕ್ಕೆ ಆಗ್ತದಾ?"

'ಎಲ್ಲಿ ಸೋತದ್ದು' ಎಂಬ ಪ್ರಶ್ನೆ ಅವರಿಗೆ ಎಲ್ಲಿಂದ ಬಂತೆಂದು ಆಮೇಲೆ ತಿಳಿಯಿತು. ವಿಮಾ ಕಂಪನಿಯಲ್ಲಿ ಅವರದು ವಾಹನ ಅಪಘಾತಗಳ ಪರಿಹಾರ ವಿಭಾಗ. ಜಾಗಕ್ಕೆ ಹೋದಾಗ ಜಖಂ ಆದ ಗಾಡಿಯನ್ನು ಅವರು ಹೆಚ್ಚು ಹೊತ್ತು ನೋಡುತ್ತಿರಲಿಲ್ಲವಂತೆ. ಗಾಡಿ ಬಂದ ದಾರಿಯಲ್ಲಿ ಹಿಂದಕ್ಕೆ ನಡೆದುಕೊಂಡು ಹೋಗುತ್ತಿದ್ದರಂತೆ. ಒಮ್ಮೆ ಬಿಕರ್ನಕಟ್ಟೆಯ ಇಳಿಜಾರಿನಲ್ಲಿ ಹೀಗೆ ಹಿಂದಕ್ಕೆ ನಡೆಯುತ್ತ ನಡೆಯುತ್ತ ಒಂದು ಗೂಡಂಗಡಿಯವರೆಗೆ ಹೋಗಿ, "ಲಾರಿ ಗುದ್ದಿದ್ದು ಕೆಳಗೆ. ಆಕ್ಸಿಡೆಂಟ್ ಆದದ್ದು ಇಲ್ಲಿ" ಎಂದಿದ್ದರು. ಚಾಲಕ ಅಲ್ಲಿ ಬೀಡಿ ಹಚ್ಚಲು ಒಂದು ಕೈ ಬಿಟ್ಟಿದ್ದ. ಅವರು ಕೇಳಿದ ಮೇಲೆ ಅವನೇ ಒಪ್ಪಿಕೊಂಡ. ಈ ಕಥೆಯನ್ನು ನನಗೆ ಹೇಳಿದ್ದು ಅವರ ಹಳೆಯ ಸಹೋದ್ಯೋಗಿ. ಅವರನ್ನೇ ಕೇಳಿದಾಗ, "ಹೌದು, ಬಿಸಿಲಿತ್ತು" ಎಂದಷ್ಟೇ ಹೇಳಿದರು.

ಮನೆಗೆ ಬರುವವರಲ್ಲಿ ಹೆಚ್ಚಿನವರು ಕೇಳುತ್ತಿದ್ದುದು ಒಂದೇ: ಎಲ್ಲಕ್ಕಿಂತ ಬಲಿಷ್ಠ ಪ್ರೋಗ್ರಾಂ ಯಾವುದು? ಒಂದು ಭಾನುವಾರ ಹೋಟೆಲಿನ ಶೆಟ್ಟರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ನಾನು ಮೂಲೆಯ ಕುರ್ಚಿಯಲ್ಲಿದ್ದೆ.

"ಸರ್, ಇವಳು ಸ್ಟೇಟ್ ಆಡ್ಬೇಕು. ಟಾಪ್ ಯಾವುದುಂಟೋ ಅದನ್ನೇ ಹಾಕಿ ಕೊಡಿ. ರೇಟ್ ನೋಡ್ಬೇಡಿ."

"ಅದಕ್ಕೆ ರೇಟೇ ಇಲ್ಲ ಶೆಟ್ರೆ. ಲೋಕದಲ್ಲಿ ಎಲ್ಲಕ್ಕಿಂತ ಗಟ್ಟಿದು ಪುಕ್ಕಟೆ ಸಿಗ್ತದೆ. ಈಗ ನಿಮ್ಮ ಫೋನಿಗೆ ಇಳಿಸಿದ್ರೆ ಅದು ಯಾವ ವಿಶ್ವ ಚಾಂಪಿಯನ್ನನ್ನೂ ಸೋಲಿಸ್ತದೆ."

ಶೆಟ್ಟರಿಗೆ ಇದು ಹಿಡಿಸಲಿಲ್ಲ. ಪುಕ್ಕಟೆ ಸಿಗುವುದು ಒಳ್ಳೆಯದಿರಲಾರದು ಎಂಬುದು ಅವರ ಅನುಭವ. "ಮತ್ತೆ ಎಂತ ಪ್ರಾಬ್ಲಂ? ಅದನ್ನೇ ಹಾಕಿ."

"ನಿಮ್ಮ ಹೋಟೆಲಿಗೆ ಹೊಸ ಹುಡುಗ ಬಂದ್ರೆ ಮೊದಲ ದಿನವೇ ಮದುವೆ ಅಡುಗೆಗೆ ನಿಲ್ಲಿಸ್ತೀರಾ?"

"ಅದು ಹೇಗೆ ಆಗ್ತದೆ?"

"ಹಾಂ. ಮಗಳನ್ನು ಇಲ್ಲಿ ಕೂರಿಸಿ."

ಹುಡುಗಿ ಚೆನ್ನಾಗಿಯೇ ಆಡಿದಳು, ಸೋತಳು. ಅಂಗೈ ಊರಿ ಪ್ರಶ್ನೆ ಕೇಳಿದಾಗ ಅವಳ ಕಣ್ಣು ಹಲಗೆಯ ಮೇಲೆ ಹೋಗಲಿಲ್ಲ. ಪಕ್ಕದಲ್ಲಿದ್ದ ಲ್ಯಾಪ್‌ಟಾಪಿನ ಕಡೆಗೆ ಹೋಯಿತು. ಮನೆಯಲ್ಲಿ ಅವಳು ಆಡುವ ಪ್ರೋಗ್ರಾಂನಲ್ಲಿ ಪರದೆಯ ಅಂಚಿಗೆ ಒಂದು ಉದ್ದ ಪಟ್ಟಿ ಇರುತ್ತದೆ. ಬಿಳಿಯವರು ಮೇಲಾದರೆ ಬಿಳಿ ಏರುತ್ತದೆ, ಕಪ್ಪಿನವರು ಮೇಲಾದರೆ ಕಪ್ಪು ಇಳಿಯುತ್ತದೆ. ಯಾರು ಗೆಲ್ಲುತ್ತಿದ್ದಾರೆಂದು ಅದು ಪ್ರತಿ ನಡೆಗೂ ಹೇಳುತ್ತದೆ. ಅವಳು ಹಲಗೆ ನೋಡುವುದನ್ನು ಬಿಟ್ಟು ಪಟ್ಟಿ ನೋಡಲು ಕಲಿತಿದ್ದಳು.

ಅವರು ಮೇಜಿನ ಡ್ರಾಯರಿನಿಂದ ಎಲೆಕ್ಟ್ರಿಷಿಯನ್ನರು ಬಳಸುವ ಕಪ್ಪು ಟೇಪು ತೆಗೆದರು. ಒಂದು ತುಂಡನ್ನು ಹಲ್ಲಿನಿಂದ ಕಡಿದು ಹುಡುಗಿಯ ಕೈಗಿಟ್ಟರು. "ಮನೆಗೆ ಹೋಗಿ ಪಟ್ಟಿಯ ಮೇಲೆ ಅಂಟಿಸು ಮಗಾ. ಪ್ರೋಗ್ರಾಂ ಬದಲು ಮಾಡುವುದು ಬೇಡ. ಇದು ಸಾಕು."

"ಟೇಪಾ?" ಎಂದರು ಶೆಟ್ಟರು.

"ಟೇಪು. ಇದಕ್ಕೂ ರೇಟಿಲ್ಲ."

ಹುಡುಗಿ ರಾಜ್ಯಮಟ್ಟಕ್ಕೆ ಹೋದಳೋ ಇಲ್ಲವೋ ನನಗೆ ಗೊತ್ತಿಲ್ಲ. ಟೇಪು ತೆಗೆಯಲಿಲ್ಲವೆಂದು ಮಾತ್ರ ಗೊತ್ತು. ವರ್ಷದ ಮೇಲೆ ಶೆಟ್ಟರ ಹೋಟೆಲಿನಲ್ಲಿ ಬನ್ಸ್ ತಿನ್ನುವಾಗ ಗಲ್ಲಾದ ಪಕ್ಕ ಅವಳು ಆಡುತ್ತಿದ್ದುದನ್ನು ನೋಡಿದೆ. ಪರದೆಯ ಅಂಚು ಕಪ್ಪಾಗಿತ್ತು.

ಪಾಳಿ ಮುಗಿಸಿ ಬರುವ ಆಸ್ಪತ್ರೆಯ ನರ್ಸ್ ಒಬ್ಬರಿಗೆ, ಅರ್ಧಕ್ಕೆ ನಿಲ್ಲಿಸಿ ಮೂರು ದಿನ ಬಿಟ್ಟು ಮುಂದುವರಿಸಬಹುದಾದ ಪ್ರೋಗ್ರಾಂ. ದೃಷ್ಟಿ ಮಂದವಾಗಿದ್ದ ನಿವೃತ್ತ ಪೋಸ್ಟ್‌ಮಾಸ್ಟರರಿಗೆ, ನಡೆಗಳನ್ನು ಗಟ್ಟಿಯಾಗಿ ಓದಿ ಹೇಳುವುದು. ಯಾರಿಗೂ ಒಂದು, ಎರಡು, ಮೂರು ಎಂದು ಪಟ್ಟಿ ಮಾಡಿ ಕೊಟ್ಟವರಲ್ಲ.

ಅವರಿಗೆ ಸಿಟ್ಟು ಬರುತ್ತಿದ್ದ ವಿಷಯ ಒಂದೇ ಒಂದು. ಅದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮುಂದಿನದಕ್ಕೆಲ್ಲ ಅದೇ ಆಧಾರ.

ಹೆಚ್ಚಿನ ಪ್ರೋಗ್ರಾಂಗಳಲ್ಲಿ ಬಲ ಕಡಿಮೆ ಮಾಡುವ ಗುಂಡಿ ಇರುತ್ತದೆ. ಆದರೆ ಅದನ್ನು ಕೆಳಗಿಳಿಸಿದಾಗ ಯಂತ್ರ ಹೊಸಬನ ಹಾಗೆ ಆಡುವುದಿಲ್ಲ. ಕೆಲವು ನಡೆ ಮಹಾ ಪಂಡಿತನ ಹಾಗೆ ಆಡಿ, ಇದ್ದಕ್ಕಿದ್ದಂತೆ ರಾಣಿಯನ್ನು ತಂದು ನಮ್ಮ ಬಾಯಿಗಿಡುತ್ತದೆ. ನಾವು ತೆಗೆದುಕೊಳ್ಳುತ್ತೇವೆ, ಗೆಲ್ಲುತ್ತೇವೆ, ಖುಷಿಪಡುತ್ತೇವೆ.

ಒಮ್ಮೆ ನನ್ನೆದುರೇ ಅವರು ಅಂಥದ್ದೊಂದನ್ನು ಪರೀಕ್ಷಿಸುತ್ತಿದ್ದರು. ಯಂತ್ರದ ರಾಣಿ ಬಂದು ಅವರ ಕಾಲಾಳಿನ ಎದುರು ನಿಂತಿತು. ಅವರು ತೆಗೆಯಲಿಲ್ಲ. ಮೂಲೆಯ ಕಾಲಾಳೊಂದನ್ನು ಸುಮ್ಮನೆ ಒಂದು ಮನೆ ಸರಿಸಿದರು.

"ರಾಣಿ ಬಿಟ್ಟಿ ಸಿಕ್ಕಿತ್ತಲ್ಲ ಸರ್!"

"ಅದು ತಪ್ಪು ಮಾಡಿದ್ದಲ್ಲ. ದಾನ ಮಾಡಿದ್ದು. ಮನುಷ್ಯ ತಪ್ಪು ಮಾಡಿದ್ರೆ ಅದಕ್ಕೊಂದು ಕಾರಣ ಇರ್ತದೆ. ಆಸೆ ಉಂಟು, ಹೆದರಿಕೆ ಉಂಟು, ಬೇರೆಲ್ಲೋ ನೋಡ್ತಾ ಇದ್ದ. ಅದನ್ನು ಹುಡುಕಿದ್ರೆ ನಾವು ಕಲೀತೇವೆ. ಇದರಲ್ಲಿ ಎಂತ ಹುಡುಕುವುದು? ನಾನು ದಾನ ತಗೊಳ್ಳುವುದಿಲ್ಲ."

"ಪೂಜೆಯ ಮನೆತನದವರು ದಾನ ಬೇಡ ಅನ್ನಬಾರದು" ಎಂದು ಕೀಟಲೆ ಮಾಡಿದೆ.

"ನನ್ನ ಅಪ್ಪ ತಗೊಂಡದ್ದು ಸಾಕು" ಎಂದು ಲ್ಯಾಪ್‌ಟಾಪಿನ ಮುಚ್ಚಳವನ್ನು ಎಡಗೈಯಿಂದ ಟಪ್ಪನೆ ಮುಚ್ಚಿದರು. ಅವರಿಗೆ ಆ ಯಂತ್ರದ ಜೊತೆ ಅಂದಿಗೆ ಮಾತು ಮುಗಿಯಿತು.

ಮುಂದೆ, ಸಾಧಾರಣ ಜನ ಆಡಿದ ಆಟಗಳನ್ನೇ ನೋಡಿ ಕಲಿತ ಪ್ರೋಗ್ರಾಂಗಳು ಬಂದವು. ಅವು ಜನರ ಹಾಗೆಯೇ ಎಡವುತ್ತವೆ. ಅಂಥದ್ದೊಂದರ ಜೊತೆ ಮೊದಲ ಸಲ ಆಡಿದ ದಿನ ನನಗೆ ಫೋನ್ ಮಾಡಿದ್ದರು. "ಮಾರಾಯ್ರೆ, ಇದಕ್ಕೆ ಅವಸರ ಉಂಟು! ನಿಮ್ಮ ಹಾಗೆಯೇ!" ಮಗು ಹುಟ್ಟಿದ ಸುದ್ದಿ ಹೇಳುವವರ ದನಿ ಅದು. ಅವರ ದಿನನಿತ್ಯದ ಎದುರಾಳಿ ಅದೇ ಆಯಿತು. ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು.

ಪಾರ್ಶ್ವವಾಯು ಬಡಿದದ್ದು ಒಂದು ಬೆಳಿಗ್ಗೆ, ಸ್ನಾನದ ಮನೆಯಲ್ಲಿ. ಫಳ್ನೀರಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಲಗಾಲಿಗೆ ಸ್ವಾಧೀನ ಇರಲಿಲ್ಲ. ಮಾತೂ ಇರಲಿಲ್ಲ. ಬಾಯಿಯಲ್ಲಿ ಉಳಿದದ್ದು ಒಂದೇ ಪದ: 'ಇದ್ದಿ'. ಅವರ ಮನೆಯ ತುಳುವಿನಲ್ಲಿ ಅದಕ್ಕೆ 'ಇಲ್ಲ' ಎಂದರ್ಥ. ಕಾಫಿ ಬೇಕೇ ಎಂದರೆ "ಇದ್ದಿ" ಎನ್ನುತ್ತ ಕಾಫಿಗೆ ಕೈಚಾಚುತ್ತಿದ್ದರು. ಮಲಗುತ್ತೀರಾ ಎಂದರೂ ಇದ್ದಿ, ಏಳುತ್ತೀರಾ ಎಂದರೂ ಇದ್ದಿ. ಒಳಗೆ ಎಷ್ಟು ಅರ್ಥವಾಗುತ್ತಿದೆ ಎಂದು ಈಗಲೇ ಹೇಳಲಾಗದು ಎಂದು ವೈದ್ಯರು ಹೇಳಿದ್ದರು. ಅವರ ಹೆಂಡತಿಗೆ ಬೇಕಾಗಿದ್ದದ್ದು ಆ ಒಂದು ಉತ್ತರ. ಕೈ ಬರುತ್ತದೋ ಇಲ್ಲವೋ ಆಮೇಲಿನ ಮಾತು. ಮನುಷ್ಯ ಒಳಗಿದ್ದಾರೋ ಇಲ್ಲವೋ?

ಕೆಲವು ವಾರಗಳ ನಂತರ ಮಧ್ಯಾಹ್ನ ಅವರ ಹೆಂಡತಿಯ ಫೋನ್ ಬಂತು. "ಒಮ್ಮೆ ಬಂದು ಹೋಗ್ತೀರಾ? ನನಗೆ ಯಾಕೋ ಧೈರ್ಯ ಸಾಲುವುದಿಲ್ಲ."

ಹೋದೆ. ಅವರನ್ನು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರಿಸಿ, ಎದುರು ಲ್ಯಾಪ್‌ಟಾಪ್ ಇಟ್ಟಿದ್ದರು. ಎಡಗೈ ಮೌಸಿನ ಮೇಲಿತ್ತು. ಹೆಂಡತಿ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು:

"ನಿನ್ನೆಯಿಂದ ಇದು. ಎದುರಿನ ರಾಣಿ ಬಂದು ಇವರ ಕಾಯಿಯ ಎದುರೇ ನಿಲ್ತದೆ. ನನಗೆ ಆಟ ಬರುವುದಿಲ್ಲ, ಆದ್ರೂ ಇಷ್ಟು ವರ್ಷ ಕಂಡು ಅಷ್ಟು ಗೊತ್ತಾಗ್ತದೆ. ಇವರು ತೆಗೆಯುವುದಿಲ್ಲ. ಎಲ್ಲೋ ಮೂಲೆಯಲ್ಲಿ ಒಂದು ಕಾಯಿ ದೂಡ್ತಾರೆ. ಮತ್ತೆ ಮುಚ್ಚಳ ಹಾಕ್ತಾರೆ. ಮೂರು ಸಲ ಹೀಗೇ ಆಯ್ತು." ಸೆರಗಿನಿಂದ ಮೂಗು ಒರೆಸಿಕೊಂಡರು. "ರಾಣಿಯೇ ಕಾಣದಿದ್ರೆ ಇನ್ನು ಎಂತ ಉಳಿಯಿತು ಹೇಳಿ?"

ನನಗೆ ಹಿಂದೊಮ್ಮೆ ಕಂಡದ್ದು ನೆನಪಾಯಿತು. ವರದಿಗಾರನ ಅಭ್ಯಾಸ, ಮೊದಲು ಖಚಿತಪಡಿಸಿಕೊಳ್ಳಬೇಕು.

"ಪ್ರೋಗ್ರಾಂ ಯಾವುದು? ದಿನಾ ಆಡುವುದೇನಾ?"

ಅವರು ತಲೆ ತಗ್ಗಿಸಿದರು. "ಅಲ್ಲ. ಅದರಲ್ಲಿ ಸೋಲ್ತಾ ಇದ್ರು. ಈ ಸ್ಥಿತಿಯಲ್ಲಿ ಸೋತ್ರೆ ಮನಸ್ಸು ಕುಗ್ಗಿ ವ್ಯಾಯಾಮವೂ ಬಿಟ್ಟಾರು ಅಂತ ಹೆದರಿಕೆ ಆಯ್ತು. ಬೇರೆ ಒಂದು ಇತ್ತಲ್ಲ, ಅದನ್ನು ಹಾಕಿ ಗುಂಡಿ ತೀರಾ ಕೆಳಗೆ ಇಟ್ಟೆ. ಒಂದು ಸಲ ಗೆಲ್ಲಲಿ ಪಾಪ ಅಂತ."

"ದಾನದ ವಿಷಯ ಅವರು ನಿಮಗೆ ಹೇಳಿಲ್ಲವಾ?"

"ಎಂತ ದಾನ? ಇವರ ಚೆಸ್ಸಿನ ಮಾತು ಕೇಳಿ ಕೇಳಿ ನನ್ನ ಕಿವಿ ಮುಚ್ಚಿ ಹೋಗಿದೆ ಮಾರಾಯ್ರೆ."

ಹೇಳಿದೆ. ಮೂಲೆಯ ಕಾಲಾಳನ್ನು ಸರಿಸಿದ್ದು, ಮುಚ್ಚಳ ಟಪ್ಪೆಂದದ್ದು, ಅಪ್ಪನ ಮಾತು, ಎಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಕಿಟಕಿಯ ಕಡೆಯಿಂದ ಟಪ್ ಎಂಬ ಶಬ್ದ ಬಂತು. ಇಬ್ಬರೂ ತಿರುಗಿದೆವು. ಲ್ಯಾಪ್‌ಟಾಪ್ ಮುಚ್ಚಿತ್ತು. ಅವರು ನಮ್ಮತ್ತಲೇ ನೋಡುತ್ತಿದ್ದರು.

"ಇದ್ದಿ" ಎಂದರು.

ಆ ಪದವನ್ನು ಅವರು ದಿನಕ್ಕೆ ಎಷ್ಟೋ ಸಲ ಹೇಳುತ್ತಿದ್ದರು. ಈ ಸಲದ್ದಕ್ಕೆ ಅದರದೇ ಅರ್ಥವಿತ್ತು. ಹೆಂಡತಿ ಹೋಗಿ ಅವರ ಕಾಲಬುಡದಲ್ಲಿ ನೆಲದ ಮೇಲೆ ಕೂತುಬಿಟ್ಟರು. ನಗುತ್ತಿದ್ದರೋ ಅಳುತ್ತಿದ್ದರೋ ನಾನು ಬರೆಯಲಾರೆ, ಬೆನ್ನು ಮಾತ್ರ ಕಾಣುತ್ತಿತ್ತು. "ನಿನ್ನೆಯಿಂದ ನನ್ನ ಜೀವ ತಿಂದ್ರಿ ನೀವು" ಎನ್ನುತ್ತಿದ್ದುದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ, ಆ ಮನೆಗೆ ಬಂದವರೆಲ್ಲ ಕೇಳಿದ್ದನ್ನೇ ಕೇಳಿದರು:

"ಹಾಗಾದ್ರೆ ಯಾವ ಪ್ರೋಗ್ರಾಂ ಹಾಕ್ಲಿ? ನೀವೇ ಹೇಳಿ."

ಅವರು ಎಡಗೈಯಿಂದ ಕಪಾಟು ತೋರಿಸಿದರು. ಹಳೆಯ ಮರದ ಹಲಗೆಯನ್ನು ನಾನು ತಂದು ಬಿಡಿಸಿದೆ. ಕಾಯಿಗಳನ್ನು ಒಂದೊಂದಾಗಿ ಅವರೇ ಇಟ್ಟರು. ಎಡಗೈಗೆ ಅದು ಹೊಸ ಕೆಲಸ, ಕುದುರೆ ಎರಡು ಸಲ ಉರುಳಿತು. ಇಟ್ಟು ಮುಗಿಸಿ ಹಲಗೆಯನ್ನು ತಿರುಗಿಸಿದರು. ಬಿಳಿ ಕಾಯಿಗಳು ಹೆಂಡತಿಯ ಕಡೆಗೆ ಬಂದವು.

"ನನಗೆ ಕುದುರೆ ಹೇಗೆ ಹೋಗ್ತದೆ ಅಂತ್ಲೇ ಗೊತ್ತಿಲ್ಲ!"

ಅವರು ಬಿಳಿ ಕುದುರೆಯನ್ನು ಎತ್ತಿ ಎರಡು ಮನೆ ಮುಂದೆ, ಒಂದು ಮನೆ ಪಕ್ಕಕ್ಕೆ ಇಟ್ಟು ತೋರಿಸಿದರು. ಮತ್ತೆ ವಾಪಸ್ ಇಟ್ಟು ಕಾದರು. ಆಕೆ ಕುರ್ಚಿ ಎಳೆದುಕೊಂಡರು.

ಆ ದಿನದ ಸುದ್ದಿ ಕೇಳಿ ವೈದ್ಯರು ಸಂತೋಷಪಟ್ಟರು. ಮಾತು ಮಾತ್ರ ಕೊನೆಯವರೆಗೂ ಬರಲಿಲ್ಲ. ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆದ ಮೇಲೆ ಆ ಮನೆಯಲ್ಲಿ ಒಂದು ಆಟ ಎಂಬುದು ನಿಯಮವಾಯಿತು. ಆಕೆ ಹೊಸಬರು ಸೋಲುವ ಹಾಗೆ ಸೋಲುತ್ತಿದ್ದರು. ಆಸೆಯಿಂದ, ಹೆದರಿಕೆಯಿಂದ, ಒಲೆಯ ಮೇಲಿನ ಹಾಲಿನ ಕಡೆ ನೋಡುತ್ತ. ಸೋತಾಗಲೆಲ್ಲ ಒಂದು ಅಂಗೈ ಹಲಗೆಯ ಪಕ್ಕ ಬಂದು ಕೂರುತ್ತಿತ್ತು. ಪ್ರಶ್ನೆ ಬಾಯಿಯಿಂದ ಬರದಿದ್ದರೂ ಆಕೆ, "ತಡೀರಿ, ಹೇಳ್ತೇನೆ, ನನಗೆ ಗೊತ್ತುಂಟು" ಎಂದು ಹುಡುಕುತ್ತಿದ್ದರು.

ಕೊನೆಯ ಸಲ ನಾನು ಅಲ್ಲಿ ಕೂತು ನೋಡಿದ್ದು ಈ ವರ್ಷದ ಆರಂಭದಲ್ಲಿ. ಮೊದಲ ನಡೆಯಿಂದ ನೋಡಿದ್ದೆ. ಆಟ ಉದ್ದಕ್ಕೆ ಹೋಯಿತು. ಕೊನೆಗೆ ಆಕೆಯ ಆನೆ ಅವರ ಕಡೆಯ ಕೊನೆಯ ಸಾಲಿಗೆ ಇಳಿಯಿತು. ಅವರ ರಾಜನಿಗೆ ಹೋಗಲು ಮನೆ ಇರಲಿಲ್ಲ. ಆಕೆಗೇ ನಂಬಿಕೆಯಾಗದೆ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಅವರು ಎಡಗೈಯಿಂದ ರಾಜನನ್ನು ಮೆಲ್ಲಗೆ ಮಲಗಿಸಿದರು.

ಆಕೆ ಸೆರಗು ಸರಿಮಾಡಿಕೊಂಡು, ಎರಡೂ ಅಂಗೈಗಳನ್ನು ಹಲಗೆಯ ಪಕ್ಕ ಊರಿದರು.

"ಎಲ್ಲಿ ಸೋತದ್ದು ಅಂತ ಗೊತ್ತುಂಟಾ?"

ಅವರು ಹಲಗೆಯನ್ನು ನೋಡಿದರು. ಆಮೇಲೆ ರಾಜನನ್ನು ಎತ್ತಿ ನಿಲ್ಲಿಸಿ, ಆನೆಯನ್ನು ಅದು ಬಂದ ಮನೆಗೆ ಹಿಂದಿಟ್ಟರು. ಅದರ ಹಿಂದಿನ ನಡೆ. ಅದರ ಹಿಂದಿನದು. ಹೋದ ಕಾಯಿಗಳನ್ನು ಮೇಜಿನ ಮೇಲಿನಿಂದ ಎತ್ತಿ ಅವುಗಳ ಮನೆಗೆ ಮರಳಿಸಿದರು. ಆಕೆಯದೊಂದು, ತಮ್ಮದೊಂದು, ಆಕೆಯದೊಂದು, ತಮ್ಮದೊಂದು. ತನ್ನ ಹೆಂಡತಿಯ ಹೆಸರು ಹೇಳಲಾರದ ಮನುಷ್ಯ ಇಡೀ ಆಟವನ್ನು ಹಿಂದಕ್ಕೆ ನಡೆಯುತ್ತಿದ್ದರು. ನಾನು ಪ್ರತಿಯೊಂದನ್ನೂ ನೆನಪಿಗೆ ಹೋಲಿಸಿ ನೋಡುತ್ತಿದ್ದೆ. ಒಂದೂ ತಪ್ಪಲಿಲ್ಲ. ಎರಡು ಕಡೆ ನನ್ನ ನೆನಪೇ ಹಿಂದೆ ಬಿತ್ತು.

ಒಂದು ಹಂತದಲ್ಲಿ ಕೈ ನಿಂತಿತು. ಆಗ ಹಲಗೆಯ ಮೇಲೆ ಇನ್ನೂ ಯಾರಿಗೂ ಏನೂ ಆಗಿರಲಿಲ್ಲ, ಎಲ್ಲ ಸುರಕ್ಷಿತವಾಗಿ ಕಾಣುತ್ತಿತ್ತು. ಅವರು ತಮ್ಮ ಒಂಟೆಯ ಮೇಲೆ ಬೆರಳಿಟ್ಟರು. ಆಟದಲ್ಲಿ ಅದು ಹೋಗಿದ್ದ ಮನೆಯನ್ನು ಬೆರಳಿನಿಂದ ಒಮ್ಮೆ ಒರೆಸಿ, ಅದನ್ನು ಬೇರೊಂದು ಮನೆಯಲ್ಲಿಟ್ಟರು.

ಆಕೆ ಬಗ್ಗಿ ನೋಡಿದರು. "ಹೌದು. ನಾನೂ ಅಲ್ಲೇ ಅಂತ ಎಣಿಸಿದ್ದು" ಎಂದರು. ಮತ್ತೆ ತಮ್ಮ ಬಿಳಿ ಕಾಯಿಗಳ ಮೇಲೆ ಕೈಯಾಡಿಸಿ, ಆ ಹೊಸ ನಡೆಗೆ ಉತ್ತರ ಹುಡುಕತೊಡಗಿದರು.

ನಾನು ಗಡಿಯಾರ ನೋಡಿಕೊಂಡೆ. ಅವರು ಅದನ್ನು ನೋಡಿದರು. ಬಾಯಿಯ ಎಡಬದಿ ನಕ್ಕಿತು. "ಇದ್ದಿ" ಎಂದು ನನಗೆ ಬಾಗಿಲು ತೋರಿಸಿದರು. ಆ ಎರಡನೆಯ ಆಟವನ್ನು ಯಾರು ಗೆದ್ದರೆಂದು ನನಗೆ ಗೊತ್ತಿಲ್ಲ, ಕಚೇರಿಗೆ ಹೊತ್ತಾಗಿತ್ತು.